ಮಹಾಮಾರಿಯೂ ನಮ್ಮ ಮಕ್ಕಳ ನಾಳೆಯೂ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷಗಳನ್ನು ಪೂರೈಸಿದ ಧರ್ಮಕೇಂದ್ರವೊಂದು ತನ್ನ ಹಿಂದಿನ ದಿನಗಳನ್ನು ನೆನೆಯುವಾಗ, ದೇವಾಲಯದ ಕಲ್ಲುಗಂಬಗಳನ್ನು ಮಾತ್ರವಲ್ಲದೆ ಅದರ ನೆರಳಿನಲ್ಲಿ ಬಾಳಿದ ಕುಟುಂಬಗಳ ಕಷ್ಟಸುಖಗಳನ್ನೂ ನೆನೆಯಬೇಕಾಗುತ್ತದೆ. ನಮ್ಮ ಮುತ್ತಜ್ಜಂದಿರ ಕಾಲದವರು ಪ್ಲೇಗನ್ನೂ 1918ರ ಇನ್‌ಫ್ಲುಯೆಂಜಾ ಜ್ವರವನ್ನೂ ಕಂಡವರು. ನಮ್ಮ ಪಾಲಿಗೆ ಬಂದುದು ಕೊರೋನಾ. ಅದರಿಂದ ನಮ್ಮನ್ನು ಅಗಲಿದವರಿಗಾಗಿ ನಾವು ಪ್ರಾರ್ಥಿಸಿದ್ದೇವೆ, ಪ್ರಾರ್ಥಿಸುತ್ತಲೂ ಇದ್ದೇವೆ. ಆದರೆ ರೋಗವು ಮೈಯನ್ನು ಬಿಟ್ಟ ಮೇಲೂ ಮನೆಯನ್ನು ಬಿಡಲಿಲ್ಲ. ಉದ್ಯೋಗ, ವಿದ್ಯಾಭ್ಯಾಸ, ಎಳೆಯರ ಮುಂದಿನ ಬಾಳು, ಈ ಮೂರರ ಮೇಲೆ ಅದು ಬೀರಿದ ಪರಿಣಾಮವೇ ಇಂದಿನ ನಮ್ಮ ವಿಚಾರ.

ಮೊದಲಿಗೆ ಉದ್ಯೋಗ. 2020ರ ಮಾರ್ಚ್ 24ರ ನಡುರಾತ್ರಿಯಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಸೆಂಟರ್ ಫಾರ್ ಮಾನಿಟರಿಂಗ್ ಇಂಡಿಯನ್ ಇಕಾನಮಿ ಸಂಸ್ಥೆಯ ಅಂದಾಜಿನಂತೆ, ಆ ಏಪ್ರಿಲ್ ತಿಂಗಳೊಂದರಲ್ಲೇ ಕೆಲಸ ಕಳೆದುಕೊಂಡವರು 12 ಕೋಟಿಗೂ ಮಿಕ್ಕಿದವರು. ಅವರಲ್ಲಿ ಸುಮಾರು 9 ಕೋಟಿ ಜನ ದಿನಗೂಲಿಯವರು ಮತ್ತು ಸಣ್ಣ ವ್ಯಾಪಾರಿಗಳು. ಅದೇ ವರ್ಷದ ಮೇ 6ರಂದು ಕರ್ನಾಟಕ ಸರ್ಕಾರವು ಕ್ಷೌರಿಕರಿಗೂ ಅಗಸರಿಗೂ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೂ ಒಂದು ಬಾರಿಗೆ 5,000 ರೂಪಾಯಿಗಳ ನೆರವನ್ನು ಘೋಷಿಸಿತು. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಸಂಬಳದಿಂದ. ಮೇ 12ರಂದು ದುಬೈಯಿಂದ ಮಂಗಳೂರಿಗೆ ವಿಶೇಷ ವಿಮಾನ ಬಂದಿಳಿದಾಗ, ಮಗ ಕ್ಷೇಮವಾಗಿ ಮರಳಿದನೆಂಬ ಸಂತೋಷದ ಜೊತೆಗೆ, ಮುಂದಿನ ತಿಂಗಳ ಖರ್ಚಿಗೆ ಏನೆಂಬ ಚಿಂತೆಯೂ ಎಷ್ಟೋ ಮನೆಗಳನ್ನು ಹೊಕ್ಕಿತು.

ಆದರೂ ಕೆಲಸದ ನಷ್ಟವು ಕಣ್ಣಿಗೆ ಕಾಣುವ ನಷ್ಟ. ಕಂಡದ್ದಕ್ಕೆ ಪರಿಹಾರವನ್ನೂ ಹುಡುಕಬಹುದು. 2020–21ರಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ದೇಶದಲ್ಲಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಅದಕ್ಕೆ ಹಿಂದೆ ಯಾವ ವರ್ಷವೂ ಅಷ್ಟು ನಡೆದಿರಲಿಲ್ಲ. ಕ್ರಮೇಣ ಅಂಗಡಿಗಳು ತೆರೆದವು, ಬಸ್ಸುಗಳು ಓಡಿದವು, ಹಲವರು ಮತ್ತೆ ವಿಮಾನವೇರಿದರು. ಕಣ್ಣಿಗೆ ಕಾಣದೆ ಉಳಿದ ನಷ್ಟ ಬೇರೊಂದಿದೆ. ಅದು ಕಲಿಕೆಯ ನಷ್ಟ.

ಒಂದು ಮಗುವಿನ ಲೆಕ್ಕವನ್ನೇ ನೋಡೋಣ. 2020ರ ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಸೇರಬೇಕಾಗಿದ್ದ ಮಗುವಿಗೆ ಶಾಲೆಯ ಬಾಗಿಲು ತೆರೆದುದು 2021ರ ಅಕ್ಟೋಬರ್ 25ರಂದು. ಆಗ ಅದು ಎರಡನೆಯ ತರಗತಿಯ ನಡುವಿನಲ್ಲಿತ್ತು! ಮನೆಯಲ್ಲಿ ಮೊಬೈಲು ಒಂದು, ಮಕ್ಕಳು ಮೂವರು. ಆ ಮೊಬೈಲೂ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುವಂಥದು. ಹೀಗಿರಲು ಪಾಠ ಯಾರನ್ನು ತಲುಪೀತು? ಗ್ರಾಮೀಣ ಭಾರತವನ್ನು ಕುರಿತ 'ಅಸರ್' ಸಮೀಕ್ಷೆಯ ಪ್ರಕಾರ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಐದನೆಯ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ 50.5 ಇದ್ದರು, 2022ರಲ್ಲಿ 42.8ಕ್ಕೆ ಇಳಿದರು. ಆದರೆ ಶಾಲೆಗೆ ದಾಖಲಾದವರ ಪ್ರಮಾಣ ಅದೇ ಅವಧಿಯಲ್ಲಿ ಕಡಿಮೆಯಾಗಲಿಲ್ಲ, ಹೆಚ್ಚಿತು. ಇದರ ಅರ್ಥವನ್ನು ನಾವು ಮನಗಾಣಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಬೆಂಚಿನಲ್ಲಿ ಮಗುವೂ ಇದೆ. ಆದರೆ ಮಗುವಿನ ಕೈಯಲ್ಲಿರುವ ಪುಸ್ತಕ ಮಾತಾಡುವುದಿಲ್ಲ.

ದೊಡ್ಡ ಮಕ್ಕಳ ವಿಷಯವೂ ಲಘುವಾದುದಲ್ಲ. 2021ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ಮುಗಿಯಿತು. ದ್ವಿತೀಯ ಪಿ.ಯು.ಸಿ. ಪರೀಕ್ಷೆ ರದ್ದಾಗಿ, ಹಿಂದಿನ ತರಗತಿಗಳ ಅಂಕಗಳ ಆಧಾರದ ಮೇಲೆ ಫಲಿತಾಂಶ ಬಂದಿತು. ಅಂದಿನ ಸ್ಥಿತಿಯಲ್ಲಿ ಮಕ್ಕಳ ಪ್ರಾಣವನ್ನು ಕಾಯಲು ಇದು ಅಗತ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೇರ್ಗಡೆಯ ಪತ್ರವೇ ಕಲಿಕೆಯಲ್ಲ. ಅಂದಿನ ಹದಿನಾರು, ಹದಿನೇಳರ ಮಕ್ಕಳು ಇಂದು ಇಪ್ಪತ್ತು ದಾಟಿ ಕೆಲಸದ ಬಾಗಿಲಲ್ಲಿ ನಿಂತಿದ್ದಾರೆ. ಮನೆಯ ಕಷ್ಟವನ್ನು ನೋಡಲಾರದೆ ಅಂಗಡಿ, ಗ್ಯಾರೇಜುಗಳನ್ನು ಸೇರಿದವರು ಪುಸ್ತಕವನ್ನು ಪುನಃ ತೆರೆಯಲೇ ಇಲ್ಲ.

ಮುಂದಿನ ಬಾಳಿನ ಮಾತಿಗೆ ಬರೋಣ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವರದಿಯಂತೆ, 2020ರಲ್ಲಿ ಜಗತ್ತಿನಲ್ಲಿ ಎಳೆಯರ ಉದ್ಯೋಗ ನೂರಕ್ಕೆ 8.7ರಷ್ಟು ಕುಗ್ಗಿದರೆ, ಹಿರಿಯರದು 3.7ರಷ್ಟು ಮಾತ್ರ ಕುಗ್ಗಿತು. ಕೊನೆಗೆ ಬಂದವನನ್ನೇ ಮೊದಲು ಹೊರಗೆ ಕಳುಹಿಸುವುದು ಲೋಕದ ರೂಢಿ. ಕೆನಡಾ ದೇಶದ ಪದವೀಧರರನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕಾಲೇಜು ಮುಗಿಸಿದವರ ಗಳಿಕೆಯು ಇತರರ ಮಟ್ಟವನ್ನು ಮುಟ್ಟಲು ಸುಮಾರು ಹತ್ತು ವರ್ಷಗಳು ಹಿಡಿದವು. ಹಾಗೆ ಮುಟ್ಟಿದವರೂ ಹೆಚ್ಚಾಗಿ ಮೊದಲು ಸಿಕ್ಕಿದ ಕೆಲಸದಿಂದ ಮೇಲಿನದಕ್ಕೆ ದಾಟಬಲ್ಲವರು. ಆದುದರಿಂದ, "ಸಿಕ್ಕಿದ ಕೆಲಸಕ್ಕೆ ಸೇರಿದನಲ್ಲ, ಸಾಕು" ಎಂದು ಹೆತ್ತವರು ಕೈತೊಳೆದುಕೊಳ್ಳುವಂತಿಲ್ಲ. ಆ ಕೆಲಸದಿಂದ ಮೇಲೇರಲು ಅವನಿಗೆ ಮೆಟ್ಟಿಲು ಬೇಕು. ಆ ಮೆಟ್ಟಿಲೇ ವಿದ್ಯೆ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಪ್ರತಿ ವಾರ್ಡಿನಲ್ಲಿಯೂ ಆ ಎರಡು ವರ್ಷಗಳಲ್ಲಿ ಓದು ನಿಲ್ಲಿಸಿದವರು ಯಾರೆಂದು ಮನೆಮನೆಗೆ ಹೋಗಿ ತಿಳಿಯಬೇಕು. ಎರಡನೆಯದಾಗಿ, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ದುಡಿಯುತ್ತಲೇ ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಗಳನ್ನು ಮುಗಿಸಬಹುದು, ಐ.ಟಿ.ಐ.ಗಳಲ್ಲಿ ಕಸುಬು ಕಲಿಯಬಹುದು. ಅರ್ಜಿ ತುಂಬಿಸುವವರು, ಶುಲ್ಕ ಕಟ್ಟುವವರು, ಧೈರ್ಯ ಹೇಳುವವರು ನಾವಾಗಬೇಕು. ಮೂರನೆಯದಾಗಿ, ನಮ್ಮಲ್ಲಿ ನಿವೃತ್ತ ಶಿಕ್ಷಕ ಶಿಕ್ಷಕಿಯರಿಗೆ ಕೊರತೆಯಿಲ್ಲ. ವಾರಕ್ಕೆ ಎರಡು ಸಂಜೆ ಧರ್ಮಕೇಂದ್ರದ ಸಭಾಭವನದಲ್ಲಿ ಮಕ್ಕಳನ್ನು ಕೂರಿಸಿ ಓದಿಸಿದರೆ ಅದಕ್ಕೆ ದೊಡ್ಡ ನಿಧಿಯೇನೂ ಬೇಕಾಗದು.

ಇದು ಯುವಕರಿಂದಾಗುವ ಕಾರ್ಯವೇ ಎಂದು ಕೇಳುವವರು ಒಂದು ಚರಿತ್ರೆಯನ್ನು ನೆನೆಯಲಿ. 1832ರಲ್ಲಿ ಪ್ಯಾರಿಸ್ ನಗರದಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅದರ ಮರುವರ್ಷವೇ, 20 ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಒಝಾನಾಮ್ ತನ್ನ ಗೆಳೆಯರೊಡನೆ ಬಡವರ ಮನೆಗಳ ಮೆಟ್ಟಿಲೇರಲು ಆರಂಭಿಸಿದನು. ಆ ಪುಟ್ಟ ಕೂಟವೇ ಇಂದು ಜಗತ್ತಿನ ಅನೇಕ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ.

ಪ್ರಿಯರೇ, ನಮ್ಮ ಹಿರಿಯರು ತಮ್ಮ ಬಡತನದಲ್ಲಿಯೂ ದೇವಾಲಯವನ್ನು ಕಟ್ಟಿ ನಮಗೆ ಒಪ್ಪಿಸಿದರು. ಓದು ಅರ್ಧಕ್ಕೆ ನಿಂತ ಒಂದೊಂದು ಮಗುವನ್ನೂ ಅದರ ಗುರಿಗೆ ಮುಟ್ಟಿಸುವ ಹೊಣೆಯನ್ನು ಈ ಶತಮಾನೋತ್ಸವದ ವರ್ಷದಲ್ಲಿಯೇ ನಾವು ಹೊರೋಣ. ದೇವರು ನಮ್ಮ ಈ ಪ್ರಯತ್ನವನ್ನು ಹರಸಲಿ.