ಸದ್ದಡಗಿದ ಗರಗಸ
ಬಯಲುಸೀಮೆಯ ಬದುವಿನ ಮರಗಳು ಮತ್ತು ಬ್ಯಾಟರಿ ಯಂತ್ರದ ಬಳಕೆ ಕುರಿತ ಉಪನ್ಯಾಸದ ಬರಹರೂಪ



ಮರ ಕೊಯ್ಯುವ ಯಂತ್ರದ ಕುರಿತಾದ ಮಾತಿಗೆ ದಟ್ಟ ಕಾಡಿಲ್ಲದ ಸೀಮೆಯೊಂದನ್ನು ಆಯ್ದುಕೊಂಡಿರುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣೆ ಹಾಗೂ ಘಟಪ್ರಭೆಯರ ನೀರುಂಡ ನಾಡು. ಅಲ್ಲಿ ಕಬ್ಬಿನ ಗದ್ದೆಗಳಿವೆ, ಎರೆ ಭೂಮಿಯಿದೆ, ಕಲ್ಲು ತುಂಬಿದ ಮಡ್ಡಿಯಿದೆ, ಮಗ್ಗದ ಸದ್ದಿನ ಊರುಗಳಿವೆ. ಮರಗಳಿರುವುದು ಹೆಚ್ಚಾಗಿ ಹೊಲದ ಬದುವಿನಲ್ಲಿ, ಬಾವಿಯ ದಂಡೆಯಲ್ಲಿ, ಹಳ್ಳದ ಇಕ್ಕೆಲಗಳಲ್ಲಿ: ಬೇವು, ಕರಿಜಾಲಿ, ಹುಣಸೆ, ಎಲ್ಲಕ್ಕಿಂತ ಮಿಗಿಲಾಗಿ ಬಳ್ಳಾರಿ ಜಾಲಿ. ಇಂತಹ ಬಿಡಿ ಮರಗಳ ಕೆಲಸಕ್ಕೆಂದೇ ಹೇಳಿ ಮಾಡಿಸಿದಂತಿದೆ, ಕೆಲವು ವರ್ಷಗಳಿಂದ ಕೃಷಿ ಯಂತ್ರಗಳ ಅಂಗಡಿಗಳಿಗೂ ಮನೆಬಾಗಿಲಿಗೆ ತಲುಪಿಸುವ ಮಾರಾಟಗಾರರ ಪಟ್ಟಿಗೂ ಬಂದಿರುವ ತಂತಿಯಿಲ್ಲದ ಸರಪಳಿ ಗರಗಸ. ಅದು ಕಡಿಮೆ ತೂಕದ್ದು. ಅದಕ್ಕೆ ಪೆಟ್ರೋಲ್ ಬೇಡ. ಹಗ್ಗ ಎಳೆದು ಚಾಲೂ ಮಾಡುವ ಶ್ರಮವಿಲ್ಲ. ಹೀಗಾಗಿ ಪಳಗಿದ ಕೂಲಿಯಾಳಿನ ಕೈಯಲ್ಲಿದ್ದ ಯಂತ್ರ ಎಂದೂ ಗರಗಸ ಹಿಡಿಯದ ರೈತನ, ಅವನ ಕಾಲೇಜು ಓದುವ ಮಗನ ಕೈಗೆ ಬಂದಿದೆ. ಮಲೆನಾಡಿನ ತೋಟಗಳಲ್ಲಿಯೂ ಇದೇ ನಡೆಯುತ್ತಿರುವುದರಿಂದ ಬಯಲಿನ ಅನುಭವ ಇಲ್ಲಿಗೂ ಸಲ್ಲುತ್ತದೆ.

ಪೆಟ್ರೋಲ್ ಗರಗಸ ತನ್ನ ಇರವನ್ನು ತಾನೇ ಸಾರುತ್ತದೆ. ಕೊಯ್ಯದೆ ಸುಮ್ಮನೆ ಹಿಡಿದಾಗಲೂ ಅದು ಗುರುಗುಟ್ಟುತ್ತಿರುತ್ತದೆ. ಹತ್ತಿರ ಬರುವವನು ತಾನಾಗಿ ದೂರ ಸರಿಯುತ್ತಾನೆ, ಹಿಡಿದವನೂ ಎಚ್ಚರದಿಂದಿರುತ್ತಾನೆ. ಬ್ಯಾಟರಿ ಗರಗಸ ಕೊಯ್ಯುವಾಗ ಸದ್ದು ಮಾಡುತ್ತದೆಯೇ ಹೊರತು ಗುಂಡಿಯಿಂದ ಬೆರಳು ತೆಗೆದೊಡನೆ ಸಂಪೂರ್ಣ ಮೌನವಾಗುತ್ತದೆ. ಆ ಮೌನವನ್ನು 'ಬಂದ್ ಆಯಿತು' ಎಂದು ಕಿವಿ ನಂಬಿಬಿಡುತ್ತದೆ. ಆದರೆ ಬ್ಯಾಟರಿ ಒಳಗಿರುವಷ್ಟು ಹೊತ್ತು ಅದು ಚಾಲೂ ಇರುವ ಯಂತ್ರವೇ. ಬೆರಳು ತಾಗಿದರೆ ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಸರಪಳಿ ಪೂರ್ಣ ವೇಗಕ್ಕೇರುತ್ತದೆ. ಆ ವೇಗ ದೊಡ್ಡ ಮಾದರಿಗಳಲ್ಲಿ ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್. (ಸರಪಳಿಗೆ ಹಲ್ಲು ಕೂಡಿಸಿ ಕೊಯ್ಯುವ ಉಪಾಯ ಮೊದಲು ಹುಟ್ಟಿದ್ದು ಮರಕ್ಕಾಗಿ ಅಲ್ಲ. 18ನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು, ಜಾನ್ ಐಟ್ಕನ್ ಮತ್ತು ಜೇಮ್ಸ್ ಜೆಫ್ರಿ, ಮೂಳೆ ಕೊಯ್ಯಲು ಕೈಯಿಂದ ಎಳೆಯುವ ಇಂತಹ ಸರಪಳಿಯನ್ನು ಬಳಸಿದರು. ಮೈಮೂಳೆಯ ಮುಂದೆ ಇದರ ಶಕ್ತಿಯೇನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.)

ಆದ್ದರಿಂದ ಮೊದಲ ನಿಯಮ ಬ್ಯಾಟರಿಗೆ ಸಂಬಂಧಿಸಿದ್ದು. ಸಿಕ್ಕಿದ ತೊಗಟೆ ಬಿಡಿಸುವಾಗ, ಸರಪಳಿ ಬಿಗಿ ಮಾಡುವಾಗ, ಹಲ್ಲು ಮಸೆಯುವಾಗ, ಒಂದು ಮರದಿಂದ ಇನ್ನೊಂದಕ್ಕೆ ದೂರ ನಡೆಯುವಾಗ, ಬುತ್ತಿ ಬಿಚ್ಚಿ ಕುಳಿತಾಗ ಬ್ಯಾಟರಿ ಯಂತ್ರದ ಹೊರಗಿರಬೇಕು. ಹತ್ತು ಹೆಜ್ಜೆಯ ಅಂತರಕ್ಕಾದರೆ ಚೈನ್ ಬ್ರೇಕ್ ಹಾಕಿದರೆ ಸಾಕು. ಗುಂಡಿ ಒತ್ತುವ ಮೊದಲು ಒತ್ತಬೇಕಾದ ಇನ್ನೊಂದು ಅಡ್ಡಗುಂಡಿಯನ್ನು ಕಂಪನಿಗಳು ಇರಿಸಿರುತ್ತವೆ; ಕೆಲಸ ಬೇಗ ಸಾಗಲೆಂದು ಅದನ್ನು ದಾರದಿಂದ ಕಟ್ಟಿಬಿಡುವುದು ಜಾಣತನವೆನಿಸಿಕೊಂಡಿದೆ. ಅದು ಜಾಣತನವಲ್ಲ, ಮನೆಯ ಬಾಗಿಲಿಗೆ ಕಳ್ಳನನ್ನು ಕಾವಲಿಟ್ಟಂತೆ.

ಗರಗಸದ ಗಾಯಗಳಲ್ಲಿ ಅತಿ ಭೀಕರವಾದವು ಒದೆತದಿಂದ ಆಗುವಂಥವು. ಸರಪಳಿ ಓಡುವ ಉಕ್ಕಿನ ಪಟ್ಟಿಯ ಮೂತಿಯ ಮೇಲ್ಭಾಗ ಮರಕ್ಕೋ ಹಿಂದಿನ ಕೊಂಬೆಗೋ ತಾಗಿದರೆ ಹಲ್ಲು ಮುಂದೆ ಕೊಯ್ಯಲಾರದೆ ಸಿಕ್ಕಿಕೊಳ್ಳುತ್ತದೆ; ಆ ಬಲವೆಲ್ಲ ತಿರುಗಿ ಪಟ್ಟಿಯನ್ನು ಮೇಲಕ್ಕೂ ಹಿಂದಕ್ಕೂ, ಹಿಡಿದವನ ಮುಖ ಮತ್ತು ಕುತ್ತಿಗೆಯತ್ತ ಎಸೆಯುತ್ತದೆ. ಇದು ಕಣ್ಣು ಕಂಡು ಮನಸ್ಸು ಎಚ್ಚರಗೊಳ್ಳುವುದಕ್ಕಿಂತ ಮೊದಲೇ ಮುಗಿದುಹೋಗುವ ಕ್ರಿಯೆ. ಆದ್ದರಿಂದ ರಕ್ಷಣೆಯೆಲ್ಲ ನಿಲ್ಲುವ ಭಂಗಿಯಲ್ಲಿಯೇ ಇರಬೇಕಾಗುತ್ತದೆ. ಎರಡೂ ಕೈಗಳಿಂದ ಹಿಡಿಯಬೇಕು. ಎಡಗೈ ಹೆಬ್ಬೆರಳು ಮುಂದಿನ ಹಿಡಿಯ ಕೆಳಗಿನಿಂದ ಸುತ್ತಿರಬೇಕು. ತಲೆಯೂ ಮೈಯೂ ಪಟ್ಟಿಯ ನೇರದಲ್ಲಿರದೆ ಎಡಕ್ಕೆ ಸರಿದಿರಬೇಕು. ಭುಜಕ್ಕಿಂತ ಮೇಲೆ ಕೊಯ್ಯಬಾರದು, ಏಣಿಯ ಮೇಲೆ ನಿಂತಂತೂ ಕೂಡದು. ಕೆಲಸಕ್ಕೆ ಮುನ್ನ ಚೈನ್ ಬ್ರೇಕನ್ನು ಪರೀಕ್ಷಿಸಬೇಕು: ಸರಪಳಿ ಓಡುತ್ತಿರುವಾಗ ಎಡ ಮಣಿಕಟ್ಟಿನಿಂದ ಮುಂದಿನ ಕಾವಲನ್ನು ತಳ್ಳಿದರೆ ಅದು ಥಟ್ಟನೆ ನಿಲ್ಲಬೇಕು. ನಿಲ್ಲದ ಗರಗಸ ಅಂದು ಕೆಲಸಕ್ಕೆ ಹೋಗಬಾರದು.

ಇಲ್ಲಿಯೇ ಗೇಣುದ್ದದ ಪುಟ್ಟ ಗರಗಸಗಳ ವಿಷಯ ಹೇಳಬೇಕು. ನಾಲ್ಕಾರು ಅಂಗುಲದ ಪಟ್ಟಿಯ ಇವುಗಳಲ್ಲಿ ಹಲವಕ್ಕೆ ಚೈನ್ ಬ್ರೇಕ್ ಇರುವುದಿಲ್ಲ. ಒಂದು ಕೈಯಲ್ಲಿ ಹಿಡಿಯುವಷ್ಟು ಹಗುರವಾಗಿರುವುದರಿಂದ ಇನ್ನೊಂದು ಕೈ ಸಹಜವಾಗಿಯೇ ಕೊಯ್ಯಬೇಕಾದ ಕೊಂಬೆಯನ್ನು ಹಿಡಿಯಲು ಹೋಗುತ್ತದೆ. ಗಾಣದ ಬಾಯಿಗೆ ಕಬ್ಬು ಕೊಡುವವನು ಎಷ್ಟು ಹತ್ತಿರಕ್ಕೆ ಕೈ ಒಯ್ಯಬೇಕೆಂದು ಆಲೆಮನೆಯ ಹಿರಿಯರಿಗೆ ಗೊತ್ತು. ಆ ತಿಳಿವಳಿಕೆ ಆಟಿಕೆಯಂತೆ ಕಾಣುವ ಈ ಯಂತ್ರದ ಮುಂದೆ ಮರೆತುಹೋಗುತ್ತದೆ. ಆಟಿಕೆಯಂತೆ ಕಾಣುವುದೇ ಇದರ ದೊಡ್ಡ ದೋಷ.

ಬಳ್ಳಾರಿ ಜಾಲಿಯನ್ನು ಕೊಯ್ಯುವುದು ತೇಗವನ್ನೋ ಮತ್ತಿಯನ್ನೋ ಕೊಯ್ದಂತಲ್ಲ. 19ನೆಯ ಶತಮಾನದಲ್ಲಿ ಹೊರದೇಶದಿಂದ ಭಾರತಕ್ಕೆ ಬಂದ ಈ ಗಿಡ ಒಂದೇ ಬುಡದಿಂದ ಹಲವು ಕಾಂಡಗಳನ್ನು ಎತ್ತುತ್ತದೆ. ಕಾಂಡಗಳು ನೆಲಕ್ಕೆ ಬಾಗಿ, ಒಂದರ ಮೇಲೊಂದು ಒರಗಿ, ಬಿಲ್ಲಿನಂತೆ ಸೆಳೆತದಲ್ಲಿರುತ್ತವೆ. ಬಾಗಿದ ಕೊಂಬೆಯ ಹೊರಮೈ ಜಗ್ಗಿಕೊಂಡಿರುತ್ತದೆ, ಒಳಮೈ ಒತ್ತಿಕೊಂಡಿರುತ್ತದೆ. ಜಗ್ಗಿದ ಕಡೆಯನ್ನು ಒಮ್ಮೆಗೇ ಕೊಯ್ದರೆ ಕೊಂಬೆ ಸಿಡಿದು ಮುಖಕ್ಕೆ ಬಡಿಯುತ್ತದೆ. ಒತ್ತಿದ ಕಡೆ ಆಳಕ್ಕೆ ಇಳಿಸಿದರೆ ಪಟ್ಟಿ ಸಿಕ್ಕಿಕೊಳ್ಳುತ್ತದೆ. ಮೊದಲು ಒತ್ತಿದ ಬದಿಯಲ್ಲಿ ಸ್ವಲ್ಪ ಕೊಯ್ದು, ಆಮೇಲೆ ಜಗ್ಗಿದ ಬದಿಯಿಂದ ಮೆಲ್ಲನೆ ಮುಗಿಸುವುದು ಕ್ರಮ. ಒಂದು ತುದಿ ಗಾಳಿಯಲ್ಲಿ ತೂಗುವ ಕೊಂಬೆಗೆ ಮೊದಲ ಕೊಯ್ತ ಕೆಳಗಿನಿಂದ, ಮೂರನೆಯ ಒಂದು ಪಾಲಿನಷ್ಟು. ಎರಡೂ ತುದಿ ಊರಿಕೊಂಡಿರುವ ದಿಮ್ಮಿಗೆ ಮೊದಲ ಕೊಯ್ತ ಮೇಲಿನಿಂದ. ಮಲೆನಾಡಿನಲ್ಲಿ ಗಾಳಿಗೆ ಬಿದ್ದ ಮರಗಳಿಗೂ ಈ ಲೆಕ್ಕ ಒಂದೇ.

ಜಾಲಿಯ ಸಣ್ಣ ಟೊಂಗೆಗಳ ಕಾಟ ಇನ್ನೊಂದು ಬಗೆಯದು. ಸರಪಳಿ ಅವುಗಳನ್ನು ಕೊಯ್ಯದೆ ಹಿಡಿದೆಳೆದು ಮುಳ್ಳಿನ ಸಮೇತ ಬೀಸುತ್ತದೆ. ಅಂಥವನ್ನು ಕುಡಗೋಲಿನಿಂದಲೋ ಉದ್ದ ಹಿಡಿಯ ಕತ್ತರಿಯಿಂದಲೋ ಮೊದಲೇ ಬಿಡಿಸಿ, ಹಿಂದೆ ಸರಿಯಲು ದಾರಿ ಮಾಡಿಕೊಂಡ ಮೇಲೆ ಗರಗಸಕ್ಕೆ ಕೈ ಹಾಕಬೇಕು. ಚಪ್ಪಲಿ ಹಾಕಿಕೊಂಡು ಜಾಲಿ ಕಡಿಯಹೋಗುವವನ ಕಾಲಿಗೆ ಮುಳ್ಳು ಚುಚ್ಚಿದಾಗ ಅವನು ಹಾರುತ್ತಾನೆ. ಕೈಯಲ್ಲಿ ಓಡುತ್ತಿರುವ ಸರಪಳಿಯಿರುತ್ತದೆ. ಬೇಸಿಗೆಯಲ್ಲಿ ಎರೆ ಭೂಮಿ ಪಾದ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ, ಮೇಲೆ ರವದಿ ಹರಡಿದ್ದರೆ ಬಿರುಕು ಕಾಣುವುದೂ ಇಲ್ಲ. ನಿಲ್ಲುವ ಜಾಗವನ್ನು ಮೊದಲು ಕಾಲಿನಿಂದ ತಡವಿ ನೋಡುವುದು ಅಂಜುಬುರುಕತನವಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಈ ತಾಲ್ಲೂಕುಗಳ ನದಿತೀರದ ಹಳ್ಳಿಗಳನ್ನು ಮುಳುಗಿಸಿದವು. ನೆರೆ ಇಳಿದ ಮೇಲೆ ಉಳಿಯುವ ಮರಗಳು ಮೋಸಗಾರ ಮರಗಳು. ಅವುಗಳ ತೊಗಟೆಯ ಸಂದಿಯಲ್ಲಿ ಮರಳು, ಬುಡಕ್ಕೆ ಸುತ್ತಿಕೊಂಡ ಬೇಲಿಯ ತಂತಿ, ಕಸದ ರಾಶಿಯ ಕೆಳಗೆ ಕಾಣದಂತೆ ಬಾಗಿ ನಿಂತ ಕಾಂಡ. ಮರಳು ಒಂದೇ ನಿಮಿಷದಲ್ಲಿ ಹಲ್ಲನ್ನು ಮೊಂಡಾಗಿಸುತ್ತದೆ. ಕೊಯ್ಯುವಾಗ ಚಕ್ಕೆಯ ಬದಲು ಹಿಟ್ಟಿನಂತಹ ಪುಡಿ ಬಂದರೆ ಸರಪಳಿ ಮೊಂಡಾಗಿದೆಯೆಂದು ಅರ್ಥ. ಆಗ ಜನ ಮೈಭಾರ ಹಾಕಿ ಒತ್ತುತ್ತಾರೆ, ಒತ್ತಿದಾಗಲೇ ಕೈ ಜಾರುತ್ತದೆ. ಸರಪಳಿಯ ಬಿಗಿಯ ಬಗ್ಗೆ ರಬಕವಿ, ಬನಹಟ್ಟಿಗಳ ನೇಕಾರರಿಗೆ ವಿವರಿಸಬೇಕಾಗಿಲ್ಲ. ಹಾಸಿನ ಎಳೆ ಅತಿ ಬಿಗಿಯಾದರೆ ಹರಿಯುತ್ತದೆ, ಸಡಿಲಾದರೆ ನೇಯ್ಗೆ ಕೆಡುತ್ತದೆ. ಸರಪಳಿಯೂ ಪಟ್ಟಿಯ ಕೆಳಬದಿಗೆ ಜೋತುಬೀಳದೆ ಅಂಟಿಕೊಂಡಿರಬೇಕು, ಕೈಗವಸು ತೊಟ್ಟ ಕೈಯಿಂದ ಎಳೆದರೆ ಸಲೀಸಾಗಿ ಸರಿಯಬೇಕು. ಮಗ್ಗದ ಪಟ್ಟೆಗೆ ಧೋತರದ ಅಂಚು ಸಿಕ್ಕಿದರೆ ಏನಾಗುವುದೆಂದು ಬಲ್ಲವರಿಗೆ ಲುಂಗಿ, ಟವೆಲು ತೊಟ್ಟು ಗರಗಸ ಹಿಡಿಯಬಾರದೆಂದು ಹೇಳುವುದೂ ಅನಗತ್ಯ.

ಬ್ಯಾಟರಿ ಯಂತ್ರಕ್ಕೆ ಎಣ್ಣೆ ಬೇಡವೆಂಬ ತಪ್ಪು ಕಲ್ಪನೆ ಹರಡಿದೆ. ಪೆಟ್ರೋಲ್ ಬೇಡ, ನಿಜ. ಸರಪಳಿಗೆ ಎಣ್ಣೆ ಬೇಕೇ ಬೇಕು. ಬ್ಯಾಟರಿ ಬದಲಿಸಿದಾಗಲೆಲ್ಲ ಎಣ್ಣೆಯನ್ನೂ ನೋಡುವುದು ಒಳ್ಳೆಯ ರೂಢಿ. ಆ ಎಣ್ಣೆ ಮರಳಿ ಯಂತ್ರಕ್ಕೆ ಬರುವುದಿಲ್ಲ, ಹನಿಹನಿಯಾಗಿ ಹೊಲದ ಮಣ್ಣಿಗೂ ಬಾವಿಯ ದಂಡೆಗೂ ಸಿಡಿಯುತ್ತದೆ. ಆದ್ದರಿಂದ ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಎಣ್ಣೆಯನ್ನು ತುಂಬುವುದು ನೆಲಕ್ಕೆ ವಿಷವುಣಿಸಿದಂತೆ. ಇದಕ್ಕೆಂದೇ ತಯಾರಾದ ಸಸ್ಯಜನ್ಯ ಎಣ್ಣೆಗಳಿವೆ. ಬ್ಯಾಟರಿಗಾದರೋ ಈ ಸೀಮೆಯ ಬಿಸಿಲೇ ವೈರಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಮುಟ್ಟುತ್ತದೆ. ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಲು ತಯಾರಕರು ಸಾಮಾನ್ಯವಾಗಿ ಹಾಕುವ ಮೇಲ್ಮಿತಿಯೂ ಹೆಚ್ಚುಕಡಿಮೆ ಅದೇ. ಕೆಲಸದಿಂದ ಕಾದ ಬ್ಯಾಟರಿಯನ್ನು ನೆರಳಿನಲ್ಲಿ ಆರಿಸಿ ಚಾರ್ಜಿಗೆ ಹಾಕಬೇಕು. ಬಿಸಿಲಿಗೆ ನಿಂತ ವಾಹನದೊಳಗೆ ಬಿಡಬಾರದು. ಉಬ್ಬಿದ, ಒಡೆದ, ನೀರಿಗೆ ಬಿದ್ದ ಬ್ಯಾಟರಿಯನ್ನು ಇನ್ನೊಮ್ಮೆ ನೋಡೋಣವೆಂದು ಹಾಕಬಾರದು.

ಇಡೀ ಮರ ಬೀಳಿಸುವ ಕೆಲಸ ಹೊಸಬರದಲ್ಲ. ಬೀಳುವ ದಿಕ್ಕಿನಲ್ಲಿ ಕಚ್ಚು ಹಾಕಿ, ಹಿಂದಿನಿಂದ ಕೊಯ್ದು, ನಡುವೆ ದಪ್ಪದ ಹತ್ತನೆಯ ಒಂದು ಪಾಲನ್ನು ಕದದ ತಿರುಗಣಿಯಂತೆ ಉಳಿಸುವ ವಿದ್ಯೆಯನ್ನು ಬಲ್ಲವರ ಬಳಿ ನಿಂತೇ ಕಲಿಯಬೇಕು. ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಕೂಡದು. ಪಂಪ್‌ಸೆಟ್ಟಿನ ತಂತಿ ಹಾದುಹೋದ ಮರವಾದರೆ ಹೆಸ್ಕಾಂ ಸಿಬ್ಬಂದಿ ಬಂದು ವಿದ್ಯುತ್ ಕಡಿತ ಮಾಡುವ ತನಕ ಮುಟ್ಟುವಂತಿಲ್ಲ.

ಇನ್ನು ಸದ್ದಿನ ವಿಷಯದ ಇನ್ನೊಂದು ಮಗ್ಗುಲು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತರು. ಕಡಿತ ನಡೆದಿದೆಯೆಂದು ಊರಿಗೆ ತಿಳಿದದ್ದರಿಂದಲೇ ಅದು ಸಾಧ್ಯವಾಯಿತು. ಕೊಡಲಿಯ ಪೆಟ್ಟೂ ಪೆಟ್ರೋಲ್ ಗರಗಸದ ಕೂಗೂ ದೂರಕ್ಕೆ ಕೇಳುತ್ತವೆ. ಬ್ಯಾಟರಿ ಗರಗಸದ ಸದ್ದು ಅಷ್ಟು ದೂರ ಹೋಗುವುದಿಲ್ಲ. ರಾತ್ರೋರಾತ್ರಿ ಬೇವೊಂದು ಮಾಯವಾದರೆ ಪಕ್ಕದ ಹೊಲದವನಿಗೂ ತಿಳಿಯದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಹೊಲದ ಮರವನ್ನು ಕಡಿಯುವುದಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. 'ಕಡಿಯುವುದು' ಎಂಬ ಮಾತಿನ ವ್ಯಾಖ್ಯೆಯಲ್ಲಿ ಕೊಂಬೆ ಸವರುವುದೂ ಸೇರಿದೆ. ಬಳ್ಳಾರಿ ಜಾಲಿಯಂತಹ ಕೆಲವು ಜಾತಿಗಳಿಗೆ ವಿನಾಯಿತಿಯಿದೆ, ಬೇವು ಹುಣಸೆಗಳನ್ನು ಆ ಸಾಲಿಗೆ ಸೇರಿಸಿಕೊಳ್ಳಬಾರದು. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದೊಳಗಂತೂ ಜಾಲಿಯ ಪೊದೆಯೂ ಕಾಯ್ದೆಯ ರಕ್ಷಣೆಯಲ್ಲಿದೆ. ಬಾವಿಯ ಮೇಲೆ ಚಾಚಿದ ಮುಳ್ಳುಕೊಂಬೆಗೆ ಗೀಜಗ ಗೂಡು ಕಟ್ಟಿದ್ದರೆ, ಮಳೆಗಾಲ ಕಳೆಯುವ ತನಕ ಆ ಕೊಂಬೆ ಕಾಯಬಲ್ಲದು.

ರಕ್ಷಣಾ ಉಡುಪಿನ ಮಾತು ಬಂದಾಗ ಎಲ್ಲರೂ ತಲೆದೂಗುತ್ತಾರೆ, ಯಾರೂ ಕೊಳ್ಳುವುದಿಲ್ಲ. ಶಿರಸ್ತ್ರಾಣ, ಮುಖದ ಜಾಲರಿ, ಕಿವಿಯ ಮುಚ್ಚಳ, ಗಟ್ಟಿ ಬೂಟು, ಇವುಗಳ ಜೊತೆಗೆ ಗರಗಸದವರಿಗೆಂದೇ ಹೊಲಿದ ಪ್ಯಾಂಟು ಇದೆ. ಅದರೊಳಗಿನ ಉದ್ದನೆಯ ನಾರುಗಳು ಹೊರಬಂದು ಸರಪಳಿಗೆ ಸುತ್ತಿಕೊಂಡು ಯಂತ್ರವನ್ನೇ ನಿಲ್ಲಿಸುತ್ತವೆ. ಇಂತಹ ಉಡುಪಿನ 1ನೆಯ ವರ್ಗವನ್ನು ಸೆಕೆಂಡಿಗೆ 20 ಮೀಟರ್ ವೇಗದ ಸರಪಳಿಯಿಂದ ಪರೀಕ್ಷಿಸಲಾಗುತ್ತದೆ. ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಡುವ ಹೊಲದೊಡೆಯ, ಅದನ್ನು ಹಿಡಿಯುವ ಕೂಲಿಯವನ ತೊಡೆಗೆ ಒಂದು ಪ್ಯಾಂಟು ಕೊಡಿಸದಿದ್ದರೆ ಆ ಉಳಿತಾಯ ಕೂಲಿಯವನ ಮೈಯಿಂದ ಕಳೆದ ಹಣ. ದಪ್ಪ ಉಡುಪಿನಲ್ಲಿ ಬಿಸಿಲು ತಾಳದೆಂಬ ಆಕ್ಷೇಪ ಸುಳ್ಳಲ್ಲ. ಬೆಳಗಿನ ಜಾವ ಆರಂಭಿಸಿ ಬಿಸಿಲೇರುವ ಮುನ್ನ ಮುಗಿಸುವುದೇ ಅದಕ್ಕೆ ಉತ್ತರ.

ಒಬ್ಬನೇ ಹೋಗಬಾರದು. ಜೊತೆಗಿರುವವನು ಕೂಗಿದರೆ ಕೇಳುವಷ್ಟು ಹತ್ತಿರ, ಮರ ತಾಗದಷ್ಟು ದೂರ ಇರಬೇಕು. ಕಿವಿ ಮುಚ್ಚಿಕೊಂಡು ಕೊಯ್ಯುವವನ ಬೆನ್ನ ಹಿಂದಿನಿಂದ ಎಂದಿಗೂ ಹತ್ತಿರ ಹೋಗಬಾರದು. ಗಾಯವಾದರೆ ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಬೇಕು. ರಕ್ತ ನಿಂತಿತೇ ಎಂದು ಪದೇಪದೇ ಎತ್ತಿ ನೋಡಬಾರದು. ಅರಿಶಿನ, ಕಾಫಿಪುಡಿ ಮೆತ್ತಬಾರದು. 108ಕ್ಕೆ ಕರೆ ಮಾಡುವವನು ಊರಿನ ಹೆಸರಷ್ಟೇ ಹೇಳಿದರೆ ಹೊಲ ಸಿಗದು. ಯಾವ ರಸ್ತೆ, ಯಾವ ಕಾಲುವೆಯ ಪಕ್ಕ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಇಬ್ಬರೂ ಗೊತ್ತುಮಾಡಿಕೊಂಡಿರಬೇಕು.

ಸಂಜೆ ಮನೆಗೆ ಬಂದ ಮೇಲೆ ಪಟ್ಟಿಗೆ ಕವಚ ತೊಡಿಸಿ ಗರಗಸವನ್ನು ಒಂದು ಕಡೆ ಇಡಬೇಕು; ಬ್ಯಾಟರಿಯನ್ನು ಬೇರೆ ಕೋಣೆಯಲ್ಲಿ, ಮಕ್ಕಳ ಕೈಗೆಟುಕದ ತಂಪಾದ ಗೂಡಿನಲ್ಲಿ ಇಡಬೇಕು. ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಅದನ್ನು ಪೂರ್ತಿ ತುಂಬಿಸದೆ, ಪೂರ್ತಿ ಬರಿದೂ ಮಾಡದೆ ಅರ್ಧದಷ್ಟು ಚಾರ್ಜಿನಲ್ಲಿ ಉಳಿಸಿದರೆ ಹೆಚ್ಚು ಕಾಲ ಬಾಳುತ್ತದೆ.