ಯಾವ ಕೋರ್‌ನ ಖಾತೆಗೆ ಬರೆಯೋಣ? ಕರ್ನಲ್ ಇಡುವ ಸಮಯದ ಲೆಕ್ಕ



ನಾನು ಓದಿದ್ದು ಬಿಕಾಂ. ಹಾಗಾಗಿ ಇವತ್ತಿನ ವಿಷಯ ಕೇಳಿ, ‘ಕಾಮರ್ಸ್ ಓದಿದವರಿಗೆ ಆಪರೇಟಿಂಗ್ ಸಿಸ್ಟಮ್ ಕರ್ನಲ್ ಉಸಾಬರಿ ಯಾಕಪ್ಪಾ’ ಅಂತ ನಿಮಗೆ ಅನಿಸಬಹುದು. ಉತ್ತರ ಸಿಂಪಲ್. ದುಡ್ಡು.

ಈ ಪಾಡ್‌ಕಾಸ್ಟ್‌ನ ಆಡಿಯೋ ಸಿದ್ಧವಾಗೋದು ನಾನು ಬಾಡಿಗೆಗೆ ತಗೊಂಡಿರೋ ಒಂದು ಲಿನಕ್ಸ್ ಸರ್ವರ್‌ನಲ್ಲಿ. ನಾಲ್ಕು ಕೋರ್, ಅಂದ್ರೆ ಒಂದೇ ಸಲ ನಾಲ್ಕು ಕೆಲಸ ಮಾಡಬಲ್ಲ ಯಂತ್ರ. ಒಂದು ಪ್ರೋಗ್ರಾಮ್ ಹಿನ್ನೆಲೆಯ ಗದ್ದಲ ತೆಗೆಯುತ್ತೆ. ಇನ್ನೊಂದು, ಹಳೇ ಸಂಚಿಕೆಗಳನ್ನ ಎಂಪಿ3 ಮಾಡುತ್ತಾ ಇರುತ್ತೆ. ಕೆಲವು ತಿಂಗಳ ಹಿಂದೆ, 20 ನಿಮಿಷದಲ್ಲಿ ಮುಗೀತಿದ್ದ ಕೆಲಸಕ್ಕೆ 40 ನಿಮಿಷ ಬೇಕಾಯ್ತು. ಸಹಾಯ ಕೇಳಿದೆ. ದೊಡ್ಡ ಪ್ಲಾನ್ ತಗೊಳ್ಳಿ, ಎಂಟು ಕೋರ್ ಸಿಗುತ್ತೆ ಅನ್ನೋ ಸಲಹೆ ಬಂತು. ತಿಂಗಳಿಗೆ 1,400 ರೂಪಾಯಿ ಹೆಚ್ಚು. ಜಾಹೀರಾತಿಲ್ಲದೆ ನಡೆಸೋ ಪಾಡ್‌ಕಾಸ್ಟ್‌ಗೆ ಅದು ಸಣ್ಣ ಮೊತ್ತ ಅಲ್ಲ.

ಆದರೆ ಡ್ಯಾಶ್‌ಬೋರ್ಡ್ ನೋಡಿದರೆ ಸಿಪಿಯು ಬಳಕೆ ಬರೀ 25 ಪರ್ಸೆಂಟ್! ಮುಕ್ಕಾಲು ಪಾಲು ಖಾಲಿ ಕೂತಿರೋ ಅಂಗಡಿಗೆ ಇನ್ನೂ ನಾಲ್ಕು ಕೌಂಟರ್ ಯಾಕೆ? ಲೆಕ್ಕ ಓದಿದವರಿಗೆ ಇಂಥದ್ದನ್ನ ಕಂಡರೆ ನಿದ್ದೆ ಬರಲ್ಲ.

ಕರ್ನಲ್ ಅನ್ನೋದು ಇಲ್ಲಿ ಮ್ಯಾನೇಜರೂ ಹೌದು, ಗುಮಾಸ್ತನೂ ಹೌದು. ಯಾವ ಪ್ರೊಸೆಸ್ ಯಾವ ಕೋರ್ ಮೇಲೆ ಓಡಬೇಕು ಅಂತ ತೀರ್ಮಾನಿಸೋದೂ ಅದೇ, ಎಷ್ಟು ಹೊತ್ತು ಓಡಿತು ಅಂತ ಬರೆದಿಡೋದೂ ಅದೇ. ಲಿನಕ್ಸ್‌ನಲ್ಲಿ ಈ ಲೆಕ್ಕವೆಲ್ಲ ‘ಪ್ರಾಕ್’ ಅನ್ನೋ ಫೋಲ್ಡರ್‌ನಲ್ಲಿ ಓದೋಕೆ ಸಿಗುತ್ತೆ. ಅಲ್ಲಿ ಎರಡು ಥರದ ಪುಸ್ತಕ ಇದೆ. ಒಂದು ಕೋರ್‌ವಾರು. ಪ್ರತಿ ಕೋರ್ ಎಷ್ಟು ಸಮಯ ಬಳಕೆದಾರರ ಕೆಲಸಕ್ಕೆ, ಎಷ್ಟು ಕರ್ನಲ್‌ನ ಸ್ವಂತ ಕೆಲಸಕ್ಕೆ ಕೊಟ್ಟಿತು, ಎಷ್ಟು ಹೊತ್ತು ಸುಮ್ಮನಿತ್ತು. ಇನ್ನೊಂದು ಪ್ರೊಸೆಸ್‌ವಾರು. ಪ್ರತಿ ಪ್ರೊಸೆಸ್ ಒಟ್ಟು ಎಷ್ಟು ಸಮಯ ತಿಂದಿತು.

ಗಮನಿಸಿದ್ರಾ? ಶಾಖಾವಾರು ಖರ್ಚು ಇದೆ, ನೌಕರವಾರು ಖರ್ಚು ಇದೆ. ಆದರೆ ‘ಈ ನೌಕರ ಈ ಶಾಖೆಯಲ್ಲಿ ಎಷ್ಟು ಗಂಟೆ ಕೆಲಸ ಮಾಡಿದ’ ಅನ್ನೋ ಕಾಲಮ್ ಮಾತ್ರ ಇಲ್ಲ. ಇರೋದು, ಕೊನೇ ಸಲ ಯಾವ ಕೋರ್ ಮೇಲೆ ಓಡಿದ್ದು ಅನ್ನೋ ಒಂದು ಸಂಖ್ಯೆ ಅಷ್ಟೇ. ಕಾಸ್ಟ್ ಅಕೌಂಟಿಂಗ್ ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ನಮ್ಮ ಮೇಷ್ಟ್ರು ಸೊನ್ನೆ ಕೊಡ್ತಿದ್ದರು.

ತಮಾಷೆ ಏನಂದ್ರೆ, ಆ ಕಾಲಮ್ ಒಂದು ಕಾಲದಲ್ಲಿ ಇತ್ತು. ಲಿನಕ್ಸ್ 2.4 ಆವೃತ್ತಿಯಲ್ಲಿ, ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇರೋ ಯಂತ್ರಗಳಲ್ಲಿ, ಪ್ರತಿ ಪ್ರೊಸೆಸ್‌ಗೂ ‘ಸಿಪಿಯು’ ಅನ್ನೋ ಫೈಲ್ ಇರ್ತಿತ್ತು. ಯಾವ ಪ್ರೊಸೆಸರ್ ಮೇಲೆ ಎಷ್ಟು ಸಮಯ ಅಂತ ಅದರಲ್ಲೇ ಬರೀತಿದ್ದರು. 2.6 ಬರೋ ಹೊತ್ತಿಗೆ ಅದು ಹೋಯ್ತು.

ಅದನ್ನ ಇಟ್ಟುಕೊಂಡಿದ್ದರೆ ಏನಾಗ್ತಿತ್ತು? ನಾವೇ ಲೆಕ್ಕ ಹಾಕೋಣ. ಪ್ರತಿ ಕೋರ್‌ಗೆ ಎರಡು ಅಂಕಿ: ಬಳಕೆದಾರರ ಸಮಯ, ಕರ್ನಲ್ ಸಮಯ. ಒಂದೊಂದಕ್ಕೆ 8 ಬೈಟ್. ನಾಲ್ಕು ಕೋರ್‌ಗೆ 64 ಬೈಟ್, ಯಾರಿಗೂ ಭಾರ ಅಲ್ಲ. ಆದರೆ 4,096 ಕೋರ್‌ವರೆಗೆ ಜಾಗ ಕಾದಿರಿಸಿದ ಕರ್ನಲ್‌ನಲ್ಲಿ ಇದೇ ಪಟ್ಟಿ ಒಂದು ಪ್ರೊಸೆಸ್‌ಗೆ 65,536 ಬೈಟ್, ಅಂದ್ರೆ 64 ಕೆಬಿ ಆಗುತ್ತೆ. ಸಾವಿರ ಪ್ರೊಸೆಸ್ ಇದ್ದರೆ 60 ಎಂಬಿಗೂ ಹೆಚ್ಚು ಮೆಮೊರಿ ಬರೀ ಲೆಕ್ಕದ ಪುಸ್ತಕಕ್ಕೇ ಹೋಯ್ತು. ಲೆಕ್ಕ ಇಡೋದಕ್ಕೂ ಖರ್ಚಿದೆ ಅನ್ನೋದನ್ನ ನಾವು ಮರೀತೀವಿ.

ಇನ್ನೊಂದು ಪ್ರಶ್ನೆ: ಬರೆಯೋದು ಹೇಗೆ? ಹಳೇ ಪದ್ಧತಿ ಹಾಜರಿ ಪುಸ್ತಕದ ಥರ. ಗಡಿಯಾರ ಸೆಕೆಂಡಿಗೆ 100, 250 ಅಥವಾ 1,000 ಸಲ ಟಿಕ್ ಅನ್ನುತ್ತೆ. ಟಿಕ್ ಅಂದ ಕ್ಷಣದಲ್ಲಿ ಕೋರ್ ಮೇಲೆ ಯಾರಿದ್ದಾರೋ ಅವರ ಹೆಸರಿಗೆ ಇಡೀ ಟಿಕ್ ಖರ್ಚು. ಸೂಪರ್‌ವೈಸರ್ ಬರೋ ಮುಂಚೆ ಕುರ್ಚಿ ಬಿಟ್ಟು ಎದ್ದು ಹೋದವನು ಬಚಾವ್, ಆಗಷ್ಟೇ ಬಂದು ಕೂತವನ ತಲೆಗೆ ಬಿಲ್! ಇದು ಬರೀ ಊಹೆ ಅಲ್ಲ. 2007ರಲ್ಲಿ ಡಾನ್ ಸಾಫ್ರಿರ್, ಯೋವ್ ಎತ್ಸಿಯೋನ್ ಮತ್ತು ಡ್ರೋರ್ ಫೈಟೆಲ್ಸನ್ ಅನ್ನೋ ಸಂಶೋಧಕರು, ಪ್ರತಿ ಟಿಕ್‌ಗೆ ಸ್ವಲ್ಪ ಮುಂಚೆ ಮಲಗಿಬಿಡೋ ಪ್ರೋಗ್ರಾಮ್ ಬರೆದು, ಯಾವ ವಿಶೇಷ ಅಧಿಕಾರವೂ ಇಲ್ಲದೆ ಸಿಪಿಯುವನ್ನ ಕದ್ದು ಬಳಸಬಹುದು ಅಂತ ತೋರಿಸಿಕೊಟ್ಟರು.

ಅದೇ 2007ರಲ್ಲಿ ಬಂದ 2.6.23 ಆವೃತ್ತಿಯಲ್ಲಿ ಇಂಗೋ ಮೋಲ್ನಾರ್ ಅವರ ಹೊಸ ಶೆಡ್ಯೂಲರ್ ಸೇರಿತು. ಅದು ಪ್ರೊಸೆಸ್ ಕೋರ್ ಹತ್ತಿದ, ಇಳಿದ ಹೊತ್ತನ್ನ ನ್ಯಾನೋಸೆಕೆಂಡ್‌ನಲ್ಲಿ ಅಳೆಯುತ್ತೆ. ಅಂದ್ರೆ ಹಾಜರಿ ಪುಸ್ತಕ ಹೋಗಿ ಪಂಚಿಂಗ್ ಮಷೀನ್ ಬಂತು.

ಈಗ ನನ್ನ ಸರ್ವರ್ ಕಥೆಗೆ ಬರೋಣ. ಪ್ರಾಕ್ ಫೋಲ್ಡರ್‌ನಲ್ಲಿ ಪ್ರತಿ ಪ್ರೊಸೆಸ್‌ಗೂ ‘ಶೆಡ್‌ಸ್ಟ್ಯಾಟ್’ ಅನ್ನೋ ಪುಟ್ಟ ಫೈಲ್ ಇರುತ್ತೆ. ಅದರಲ್ಲಿ ಮೂರೇ ಅಂಕಿ: ಓಡಿದ ಸಮಯ, ಓಡೋಕೆ ತಯಾರಿದ್ದೂ ಸಾಲಿನಲ್ಲಿ ಕಾದ ಸಮಯ, ಎಷ್ಟು ಸಲ ಸರದಿ ಸಿಕ್ಕಿತು. ನನ್ನ ಎರಡೂ ಪ್ರೋಗ್ರಾಮ್‌ಗಳಲ್ಲಿ ಓಡಿದ ಸಮಯ ಎಷ್ಟೋ, ಕಾದ ಸಮಯವೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಮೂರು ಕೋರ್ ಖಾಲಿ ಇರುವಾಗ ಕಾಯೋದು ಯಾಕೆ?

ಕೊನೇ ಕೋರ್ ಸಂಖ್ಯೆ ಎಷ್ಟು ಸಲ ನೋಡಿದರೂ ಎರಡಕ್ಕೂ ಸೊನ್ನೆ. ಆಗ ಹೊಳೀತು. ನಾನೇ ಎಲ್ಲಿಂದಲೋ ಕಾಪಿ ಮಾಡಿದ್ದ ಸ್ಕ್ರಿಪ್ಟ್‌ನಲ್ಲಿ ‘ಟಾಸ್ಕ್‌ಸೆಟ್’ ಅನ್ನೋ ಒಂದು ಆಜ್ಞೆ ಇತ್ತು. ಈ ಕೆಲಸ ಸೊನ್ನೆ ನಂಬರ್ ಕೋರ್ ಬಿಟ್ಟು ಅಲ್ಲಾಡಬಾರದು ಅಂತ ಅದರ ಅರ್ಥ. ಎರಡೂ ಒಂದೇ ಕೌಂಟರ್ ಮುಂದೆ ನೂಕಾಡ್ತಿದ್ದವು. ನಾಲ್ಕರಲ್ಲಿ ಒಂದು ಕೋರ್ ಪೂರ್ತಿ ಭರ್ತಿ, ಅದೇ ಆ 25 ಪರ್ಸೆಂಟ್. ಆ ಆಜ್ಞೆ ತೆಗೆದೆ. ಬಳಕೆ 50 ಪರ್ಸೆಂಟ್‌ಗೆ ಏರಿತು, ಕೆಲಸ ಮತ್ತೆ 20 ನಿಮಿಷಕ್ಕೆ ಮುಗೀತು. ಎಂಟು ಕೋರ್ ತಗೊಂಡಿದ್ದರೂ ಅವೆರಡೂ ಸೊನ್ನೆ ನಂಬರ್ ಮುಂದೆಯೇ ನಿಂತಿರ್ತಿದ್ದವು. ಡ್ಯಾಶ್‌ಬೋರ್ಡ್ ಮಾತ್ರ 12.5 ಪರ್ಸೆಂಟ್ ತೋರಿಸ್ತಿತ್ತು.

ಹಾಗಾದರೆ ಪ್ರೊಸೆಸ್‌ವಾರು, ಕೋರ್‌ವಾರು ಪೂರ್ತಿ ಲೆಕ್ಕ ಬೇಕಾದವರು ಏನು ಮಾಡ್ತಾರೆ? ‘ಪರ್ಫ್’ ಅಥವಾ ‘ಇಬಿಪಿಎಫ್’ ಬಳಸಿ, ಕೋರ್ ಮೇಲೆ ಆಳು ಬದಲಾದಾಗಲೆಲ್ಲ ಒಂದು ಟಿಪ್ಪಣಿ ಬರೆಸ್ತಾರೆ. ಬೇಕಾದಾಗ ಶುರು, ಸಾಕಾದಾಗ ಬಂದ್. ಖರ್ಚು ಕೇಳಿದವರದ್ದು, ಎಲ್ಲರ ತಲೆ ಮೇಲೆ ಅಲ್ಲ. ನಿಮ್ಮ ಫೋನ್‌ನಲ್ಲೂ ಇಂಥದ್ದೇ ಪ್ರಶ್ನೆ ಇದೆ. ಅಲ್ಲಿ ದೊಡ್ಡ ಕೋರ್, ಚಿಕ್ಕ ಕೋರ್ ಬೇರೆ ಬೇರೆ. ದೊಡ್ಡದರ ಮೇಲೆ ಒಂದು ಸೆಕೆಂಡ್, ಚಿಕ್ಕದರ ಮೇಲೆ ಒಂದು ಸೆಕೆಂಡ್, ಬ್ಯಾಟರಿ ಖರ್ಚು ಒಂದೇ ಅಲ್ಲ. ಸಮಯ ಕೂಡಿಸಿದರೆ ಮೊತ್ತ ಸರಿ ಬರುತ್ತೆ, ಬಿಲ್ ತಪ್ಪಾಗುತ್ತೆ.

ನಿಮ್ಮ ಹತ್ತಿರ ಲಿನಕ್ಸ್ ಯಂತ್ರ ಇದ್ದರೆ ಇವತ್ತೇ ‘ಟಾಪ್’ ಅಂತ ಟೈಪ್ ಮಾಡಿ, ಆಮೇಲೆ ಕೀಬೋರ್ಡ್‌ನಲ್ಲಿ 1 ಒತ್ತಿ. ಒಂದು ಸಾಲು ಇದ್ದದ್ದು ಒಡೆದು ಕೋರ್‌ಗೊಂದು ಸಾಲಾಗುತ್ತೆ. ಯಾರಾದರೂ ದೊಡ್ಡ ಪ್ಲಾನ್ ತಗೊಳ್ಳಿ ಅಂದರೆ, ದುಡ್ಡು ಕಟ್ಟೋ ಮುಂಚೆ ಆ ಸಾಲುಗಳನ್ನ ಒಂದು ಸಲ ನೋಡಿ. ನನಗೆ ತಿಂಗಳಿಗೆ 1,400 ರೂಪಾಯಿ ಉಳೀತು. ಆ ದುಡ್ಡಲ್ಲಿ ಹೊಸ ಮೈಕ್ ಕೊಳ್ಳೋ ಯೋಚನೆ ಇದೆ.

ಮುಂದಿನ ವಾರ ಸಿಗೋಣ. ನಮಸ್ಕಾರ.