ಮೊಟ್ಟೆಸಾರಿನ ಹದ

ಕನ್ನಡದಲ್ಲಿ ಪಾಕಶಾಸ್ತ್ರಕ್ಕೆ ದೀರ್ಘವಾದ ಪರಂಪರೆಯುಂಟು. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಷಯಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ವೆಂಬ ಇಡೀ ಕೃತಿಯನ್ನೇ ವಾರ್ಧಕ ಷಟ್ಪದಿಯಲ್ಲಿ ರಚಿಸಿದ. ಇಬ್ಬರೂ ಜೈನರು, ಅವರ ಅಡುಗೆಮನೆಯಲ್ಲಿ ಮೊಟ್ಟೆಯನ್ನು ಹುಡುಕುವುದು ನ್ಯಾಯವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಾಂಸದ ಪಾಕಗಳು ಧಾರಾಳವಾಗಿವೆ ನಿಜ, ಆದರೆ ಅದರ ಭಾಷೆ ಸಂಸ್ಕೃತ, ಅಡುಗೆ ಅರಮನೆಯದು. ಹೊತ್ತು ಮುಳುಗಿದ ಮೇಲೆ ಬಂದ ನೆಂಟನಿಗಾಗಿ ಹಳ್ಳಿಯ ಮನೆಯಲ್ಲಿ ಕುದಿಯುವ ಮೊಟ್ಟೆಸಾರು ಈ ಯಾವ ಗ್ರಂಥದ ವಸ್ತುವೂ ಅಲ್ಲ. ಅದು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಬಂದ ವಿದ್ಯೆ. ಆ ಗ್ರಂಥಗಳನ್ನು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿ, ಈಗ ಒಲೆಯ ಮುಂದೆ ನಿಲ್ಲುವ ಬಿಡುವು ಪಡೆದಿರುವ ನಾನು, ಬರಹಕ್ಕೆ ಬಾರದ ಈ ವಿದ್ಯೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸಾರು ಎಂದೊಡನೆ ಪಟ್ಟಣದ ಕೇಳುಗರು ಬೇಳೆಕಟ್ಟಿನ ತಿಳಿಸಾರನ್ನು ನೆನೆಯಬಾರದು. ಮಂಡ್ಯ, ಹಾಸನಗಳ ಕಡೆ ಮುದ್ದೆಯ ಜೊತೆಗೆ ಬರುವ ಮಸಾಲೆಯ ಮೇಲೋಗರವೂ ಸಾರೇ. ಉತ್ತರ ಕರ್ನಾಟಕದವರು ಮೊಟ್ಟೆಯನ್ನು ತತ್ತಿ ಎನ್ನುತ್ತಾರೆ. ಹೆಸರು ಬೇರೆಯಾದಂತೆ ಮಸಾಲೆಯೂ ಬೇರೆಯಾಗುತ್ತದೆ. ನಾನು ಹೇಳುವುದು ನಮ್ಮ ತಾಯಿಯ ಕೈಯ ಸಾರನ್ನು. ಅದೊಂದೇ ಸರಿಯಾದದ್ದೆಂಬ ಹಟ ನನಗಿಲ್ಲ.

ಆರು ಮೊಟ್ಟೆಯ ಸಾರಿಗೆ ಎರಡು ಈರುಳ್ಳಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಒಂದು ತುಂಡು ಶುಂಠಿ, ಅರ್ಧ ಹೋಳು ತೆಂಗಿನಕಾಯಿ, ಎರಡು ಚಮಚ ಧನಿಯ, ಆರೇಳು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಗಸಗಸೆ, ಅಷ್ಟೇ ಹುರಿಗಡಲೆ, ಸಣ್ಣ ಚೂರು ಚಕ್ಕೆ, ಮೂರು ಲವಂಗ ಬೇಕು. ಹುರಿಗಡಲೆ ರುಚಿಗಲ್ಲ, ಸಾರು ಮಂದವಾಗಲೆಂದು. ಹೆಚ್ಚಾದರೆ ಅದು ಸಾರಲ್ಲ, ಗಂಜಿ. ಬ್ಯಾಡಗಿಯನ್ನು ಆರಿಸುವುದು ಬಣ್ಣಕ್ಕೆ. ಅದರ ಖಾರ ಕಡಮೆ, ಕೆಂಪು ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ: ಮಂಗರಸನಿಗೆ ಈ ಕಾಯಿಯ ಪರಿಚಯವಿರಲಾರದು. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಮೂಲಕ ನಮಗೆ ಬಂದದ್ದು. ಅದಕ್ಕೆ ಮೊದಲು ಖಾರವೆಂದರೆ ಕರಿಮೆಣಸು. ಹೊಸದನ್ನು ನಮ್ಮ ಜನ ಹಳೆಯ ಹೆಸರಿಗೇ ಕಟ್ಟಿ ಮೆಣಸಿನ ‘ಕಾಯಿ’ ಎಂದರು. ಪರದೇಶದ ಪದವನ್ನು ಹಾಗೆಯೇ ಎತ್ತಿಕೊಳ್ಳದೆ ತಮ್ಮ ನುಡಿಯಲ್ಲೇ ಅದಕ್ಕೆ ಮನೆ ಕಟ್ಟಿಕೊಟ್ಟ ಆ ಅಡುಗೆಮನೆಯವರು ನಮ್ಮ ಪರಿಭಾಷಾ ಸಮಿತಿಗಳಿಗಿಂತ ಜಾಣರೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈರುಳ್ಳಿಯನ್ನು ಬಾಡಿಸಬೇಕು, ಧನಿಯವನ್ನು ಹುರಿಯಬೇಕು. ಎರಡಕ್ಕೂ ಬೆಂಕಿಯೇ, ಬಾಣಲೆಯೇ. ಆದರೆ ಕ್ರಿಯಾಪದ ಬೇರೆ, ಹದ ಬೇರೆ. ಬಾಡುವುದೆಂದರೆ ನೀರು ಆರಿ ಮೆತ್ತಗಾಗುವುದು. ಹುರಿಯುವುದೆಂದರೆ ಘಮ ಬರುವವರೆಗೆ ಕಾದು ಗರಿಯಾಗುವುದು. ಇದೇ ರೀತಿ ಹಿಟ್ಟನ್ನು ಬೀಸುತ್ತಿದ್ದರು, ಪುಡಿಯನ್ನು ಕುಟ್ಟುತ್ತಿದ್ದರು, ದೋಸೆಯ ಹಿಟ್ಟನ್ನು ರುಬ್ಬುತ್ತಿದ್ದರು, ಸಾರಿನ ಮಸಾಲೆಯನ್ನು ಅರೆಯುತ್ತಿದ್ದರು. ಬೀಸುವ ಕಲ್ಲು, ಒನಕೆ, ಒರಳು, ಅರೆಯುವ ಕಲ್ಲು ಎಂದು ಒಂದೊಂದಕ್ಕೆ ಒಂದೊಂದು ಸಾಧನ. ಇಂದು ನಾಲ್ಕಕ್ಕೂ ಸೇರಿ ‘ಮಿಕ್ಸಿಗೆ ಹಾಕು’ ಎಂಬ ಒಂದೇ ಮಾತು ಸಾಲುತ್ತದೆ. ಯಂತ್ರವನ್ನು ನಾನು ದೂರುವುದಿಲ್ಲ. ನಮ್ಮ ತಾಯಿಯ ರಟ್ಟೆಯ ನೋವನ್ನು ಕಂಡವನು ಹೇಗೆ ದೂರಲಿ? ಆದರೆ ಅರೆಯುವುದಕ್ಕೂ ರುಬ್ಬುವುದಕ್ಕೂ ಭೇದ ತಿಳಿಯದವರಿಗೆ ಮಸಾಲೆ ಎಷ್ಟು ನುಣ್ಣಗಿರಬೇಕೆಂದು ಹೇಳುವುದು ಹೇಗೆಂಬುದೇ ನನ್ನ ತೊಡಕು. ಪರಊರಿನಲ್ಲಿರುವ ನನ್ನ ಮೊಮ್ಮಗಳು ಈ ಸಾರನ್ನು ಬರೆದು ಕಳುಹಿಸಿರೆಂದು ಕೇಳಿದಾಗ ಈ ತೊಡಕು ಎದುರಾಯಿತು. ಅಳತೆಯನ್ನೆಲ್ಲ ಬರೆದೆ, ‘ಹಸಿ ವಾಸನೆ ಹೋಗುವವರೆಗೆ’ ಎಂಬಲ್ಲಿಗೆ ಬಂದು ಲೇಖನಿ ನಿಂತಿತು. ಹಸಿ ವಾಸನೆ ಯಾವುದೆಂದು ಒಲೆಯ ಪಕ್ಕದಲ್ಲಿ ನಿಂತವರಿಗೆ ಮಾತ್ರ ಗೊತ್ತು. ‘ತಾತ, ಎಷ್ಟು ನಿಮಿಷ ಅಂತ ಹೇಳಿ’ ಎಂದಳು. ಕಡೆಗೆ, ಎಣ್ಣೆ ಮಸಾಲೆಯಿಂದ ಬೇರೆಯಾಗಿ ಅಂಚಿನಲ್ಲಿ ತೇಲುವವರೆಗೆ ಎಂದು ಬರೆದೆ. ಮೂಗಿನ ಮಾತನ್ನು ಕಣ್ಣಿನ ಮಾತಾಗಿ ಅನುವಾದಿಸಿದಂತಾಯಿತು. ಅನುವಾದದಲ್ಲಿ ನಷ್ಟವಾಗುವುದೇನೂ ಹೊಸದಲ್ಲ.

ಇನ್ನು ಮೊಟ್ಟೆ. ಬೇಯಿಸಿ ಹಾಕುವುದು ಒಂದು ಪದ್ಧತಿ, ಕುದಿಯುವ ಸಾರಿಗೆ ಹಸಿಯದನ್ನೇ ಒಡೆದು ಬಿಡುವುದು ಇನ್ನೊಂದು. ಬೇಯಿಸುವುದಾದರೆ ಅಂದಿನ ಮೊಟ್ಟೆಗಿಂತ ಕೆಲವು ದಿನ ಇಟ್ಟದ್ದೇ ಮೇಲು. ತೀರ ಹೊಸದರ ಬಿಳಿಭಾಗ ಒಳಪೊರೆಗೆ ಅಂಟಿಕೊಂಡು ಚಿಪ್ಪಿನೊಡನೆ ಕಿತ್ತು ಬರುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಹಳದಿಯ ಸುತ್ತ ಹಸಿರು ಛಾಯೆ ಕಟ್ಟುತ್ತದೆ. ಅದು ಬಿಳಿಭಾಗದ ಗಂಧಕ ಹಳದಿಯ ಕಬ್ಬಿಣದೊಡನೆ ಕೂಡಿದ್ದರ ಗುರುತು. ತಿಂದರೆ ಅಪಾಯವಿಲ್ಲ, ನೋಟಕ್ಕೆ ಮಾತ್ರ ಕೇಡು. ಬೆಂದೊಡನೆ ತಣ್ಣೀರಿಗೆ ಹಾಕಿದರೆ ಅದು ತಪ್ಪುತ್ತದೆ.

ಒಡೆದು ಹಾಕುವುದಕ್ಕೆ ಹೆಚ್ಚಿನ ಸಂಯಮ ಬೇಕು. ಸಾರು ಕೊತಕೊತ ಕುದಿಯುತ್ತಿರುವಾಗ ಬಿಟ್ಟರೆ ಮೊಟ್ಟೆ ಎಳೆಎಳೆಯಾಗಿ ಹರಿದುಹೋಗುತ್ತದೆ. ಉರಿ ತಗ್ಗಿಸಿ, ಸಣ್ಣ ಕುದಿಗೆ ತಂದು, ಬಟ್ಟಲಿನಲ್ಲಿ ಒಡೆದದ್ದನ್ನು ಅಂಚಿನಿಂದ ಜಾರಿಸಿ ಸುಮ್ಮನಿರಬೇಕು. ‘ಸೌಟು ಹಾಕಬೇಡ ಕಣಪ್ಪ, ಅದು ಮೈ ಕಟ್ಟಿಕೊಳ್ಳಲಿ’ ಎನ್ನುತ್ತಿದ್ದರು ನಮ್ಮ ತಾಯಿ. ಮೊಟ್ಟೆ ಮೈ ಕಟ್ಟಿಕೊಳ್ಳುವುದು! ಬಿಳಿಭಾಗ ಸುಮಾರು 60 ಡಿಗ್ರಿ ದಾಟಿದೊಡನೆ ಗಟ್ಟಿಯಾಗತೊಡಗುತ್ತದೆಂದು ನಾನು ಓದಿ ತಿಳಿದದ್ದು ಬಹಳ ತಡವಾಗಿ. ಆ ಅರಿವಿನಿಂದ ನನ್ನ ಸಾರು ಹೆಚ್ಚು ರುಚಿಯಾಗಲಿಲ್ಲ.

ಆ ಕಾಲಕ್ಕೆ ಮೊಟ್ಟೆ ಅಂಗಡಿಯಿಂದ ತರುವ ವಸ್ತುವಾಗಿರಲಿಲ್ಲ. ಹಿತ್ತಲಿನ ನಾಟಿಕೋಳಿ ಇಟ್ಟ ಒಂದೊಂದಕ್ಕೂ ಲೆಕ್ಕವಿತ್ತು: ಇಷ್ಟು ಕಾವಿಗೆ, ಇಷ್ಟು ಸಂತೆಗೆ. ಸಂತೆಯ ಆ ಚಿಲ್ಲರೆ ಹೆಂಗಸಿನ ಸ್ವಂತದ ಹಣ. ಗಂಡಸರು ಅದನ್ನು ಕೇಳುತ್ತಿರಲಿಲ್ಲ. ಆದ್ದರಿಂದ ನೆಂಟರಿಗೆ ಮೊಟ್ಟೆಸಾರು ಮಾಡಿದಾಗಲೆಲ್ಲ ಆ ಉಪಚಾರದ ಖರ್ಚು ನಿಜವಾಗಿ ಬಿದ್ದದ್ದು ಅವಳ ಗಂಟಿನ ಮೇಲೆ. ಮನೆಯ ಯಜಮಾನನಿಗೆ ಅತಿಥಿಸತ್ಕಾರದ ಹೆಸರು ಬಂತು. ನೆಂಟರಿಗೆ ಇಡೀ ಮೊಟ್ಟೆ, ಮಕ್ಕಳಿಗೆ ಅರ್ಧರ್ಧ. ಬೆಂದ ಮೊಟ್ಟೆಯನ್ನು ಚಾಕುವಿನಿಂದ ಕುಯ್ದರೆ ಹಳದಿ ಪುಡಿಯಾಗಿ ಒಬ್ಬರ ಪಾಲು ಕಡಮೆಯಾದೀತೆಂದು ನಮ್ಮ ತಾಯಿ ಹೊಲಿಗೆಯ ದಾರ ಸುತ್ತಿ ಎಳೆಯುತ್ತಿದ್ದರು. ಎರಡು ಹೋಳೂ ತಕ್ಕಡಿಯಲ್ಲಿ ತೂಗಿದಂತೆ ಬರುತ್ತಿದ್ದವು. ತಮಗೆ ಅವರು ಹಾಕಿಕೊಳ್ಳುತ್ತಿದ್ದದ್ದು ಬರಿಯ ಸಾರು. ‘ನನಗೆ ಮೊಟ್ಟೆ ಸೇರುವುದಿಲ್ಲ’ ಎಂದು ಅವರು ಹೇಳುತ್ತಿದ್ದುದನ್ನು ನಾವು ಬಹಳ ಕಾಲ ನಂಬಿದ್ದೆವು.

ಈಗ ಮೊಟ್ಟೆ ಫಾರಂಗಳಿಂದ ತಟ್ಟೆಗಟ್ಟಲೆ ಬರುತ್ತದೆ. 2021ರ ಕೊನೆಯಲ್ಲಿ ನಮ್ಮ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದಾಗ ಎದ್ದ ವಾದವಿವಾದವನ್ನು ಕೇಳುಗರು ಬಲ್ಲರು. ತಿನ್ನದವರ ನೇಮವನ್ನು ನಾನು ಗೌರವಿಸುತ್ತೇನೆ. ಅಂಥ ಮಕ್ಕಳಿಗೆ ಬಾಳೆಹಣ್ಣು, ಚಿಕ್ಕಿಗಳ ಏರ್ಪಾಡೂ ಆಯಿತು. ಆದರೆ ದಾರದಿಂದ ಕುಯ್ದ ಅರ್ಧ ಮೊಟ್ಟೆಗೆ ಕಾದು ಕುಳಿತಿದ್ದವನಿಗೆ, ಒಂದು ಮಗು ಇಡೀ ಮೊಟ್ಟೆಯನ್ನು ತನ್ನದೆಂದು ಹಿಡಿದು ಕೂರುವುದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಸಾರನ್ನು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ, ಮುಚ್ಚಳ ಮುಚ್ಚಿ ಕಾಲು ಗಂಟೆ ಬಿಡಬೇಕು. ಬೆಂದ ಮೊಟ್ಟೆಯಾದರೆ ಮೊದಲೇ ಮೈಮೇಲೆ ಮೂರು ನಾಲ್ಕು ಗೀರು ಎಳೆದಿರಬೇಕು, ಇಲ್ಲವಾದರೆ ಉಪ್ಪು ಖಾರ ಒಳಗೆ ಇಳಿಯುವುದಿಲ್ಲ. ಮುದ್ದೆಗಾದರೆ ಸಾರು ಕೊಂಚ ತೆಳುವಾಗಿರಲಿ, ಅಕ್ಕಿರೊಟ್ಟಿಗಾದರೆ ಗಟ್ಟಿಯಾಗಿರಲಿ. ಮಾಡಿದ ಸಾರನ್ನು ಅಂದೇ ಮುಗಿಸಬೇಕೆಂಬ ಅವಸರ ಬೇಡ. ಮೊಟ್ಟೆಗಳನ್ನು ಅಂದೇ ತಿಂದು, ಸಾರನ್ನಷ್ಟು ತಣ್ಣಗಿನ ಜಾಗದಲ್ಲಿಟ್ಟು ಮರುದಿನ ಬೆಳಿಗ್ಗೆ ಚೆನ್ನಾಗಿ ಕುದಿಸಿ ದೋಸೆಯೊಡನೆ ಬಡಿಸಿದರೆ ಹಿಂದಿನ ರಾತ್ರಿಗಿಂತ ಒಂದು ಕೈ ಮೇಲಾಗಿಯೇ ಇರುತ್ತದೆ.